ನಾಲ್ಕಕ್ಷರದ ಬೀಗ

ನಮ್ಮ ಕಡೆ ಹಳೆಯ ವಸ್ತುವೊಂದು ಕೈಗೆ ಸಿಕ್ಕರೆ ಅದರ ಕಾಲ ಗೊತ್ತುಮಾಡುವುದು ಬಹಳ ಸುಲಭ. ಕಲ್ಲಿನದಾದರೆ ಹೊಯ್ಸಳರದು, ಬೆಟ್ಟದ ಮೇಲಿದ್ದರೆ ಪಾಂಡವರದು, ಲೋಹದ್ದಾದರೆ ಟಿಪ್ಪುವಿನದು. ಬೆಂಗಳೂರಿನ ಸಂಡೇ ಬಜಾರಿನಲ್ಲಿ ಆ ಹಿತ್ತಾಳೆ ಬೀಗವನ್ನು ನನ್ನ ಕೈಗಿಟ್ಟ ವ್ಯಾಪಾರಿಯೂ ಈ ಶಾಸ್ತ್ರ ಓದಿಕೊಂಡವನೇ. "ಟಿಪ್ಪು ಕಾಲದ್ದು ಸಾರ್" ಎಂದ. ಮೈತುಂಬ ಇಂಗ್ಲಿಷ್ ಅಕ್ಷರ ಇದೆಯಲ್ಲಪ್ಪಾ ಎಂದೆ. "ಇಂಗ್ಲಿಷ್‌ನೋರ ಕೈಯಿಂದ ಕಿತ್ಕೊಂಡಿದ್ದು ಸಾರ್" ಎಂದ, ಒಂದಿಷ್ಟೂ ತಡವರಿಸದೆ. ಆ ಉತ್ತರದ ಮರ್ಯಾದೆಗಾಗಿ ಚೌಕಾಸಿ ಮಾಡದೆ ದುಡ್ಡು ಕೊಟ್ಟೆ.

ಬೀಗವೆಂದರೆ ಹೆಬ್ಬೆರಳಿಗಿಂತ ದಪ್ಪನೆಯ ಒಂದು ಉರುಳೆ. ಅದರ ಸುತ್ತ ಸಾಲಾಗಿ ನಾಲ್ಕು ಬಳೆ, ಪ್ರತಿ ಬಳೆಯ ಮೇಲೂ ಎ-ಯಿಂದ ಝಡ್‌ವರೆಗೆ ಕೊರೆದ ಅಕ್ಷರಗಳು. ಸರಿಯಾದ ನಾಲ್ಕು ಅಕ್ಷರ ಒಂದೇ ಗೆರೆಗೆ ಬಂದರೆ ಕೊಂಡಿ ಬಿಡುತ್ತದೆ. ಕೀಲಿಕೈ ತೂರಿಸಲು ತೂತೇ ಇಲ್ಲ. ಆದರೂ ನೋಡಿದವರೆಲ್ಲ ಮೊದಲು ಕೇಳುವುದು, "ಕೀ ಎಲ್ಲಿ?"

ಹಳೆಯ ಬೀಗದ ಗುರುತು ಹಚ್ಚುವುದು ಗಂಡು ನೋಡಲು ಹೋದ ಹಾಗೆ. ಊರು ಯಾವುದು, ಮನೆತನ ಯಾವುದು, ವಯಸ್ಸೆಷ್ಟು ಎಂದು ವಿಚಾರಿಸಬೇಕು. ವಯಸ್ಸಿನ ವಿಷಯದಲ್ಲೇ ಸುಳ್ಳು ಹೆಚ್ಚು. ಹಳೆಯ ಹಿತ್ತಾಳೆಯನ್ನು ಉಜ್ಜಲೇಬೇಡಿ, ಮೇಲೆ ಕಟ್ಟಿದ ಕಂದು ಬಣ್ಣವೇ ಅದರ ವಯಸ್ಸಿಗೆ ಸಾಕ್ಷಿ ಎಂದು ಸಂಗ್ರಾಹಕರು ಹೇಳುತ್ತಾರೆ. ಇದನ್ನು ನಾನು ಮನೆಯಲ್ಲಿ ವಿವರಿಸುವಷ್ಟರಲ್ಲಿ ನನ್ನಾಕೆ ಅದಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ದೇವರ ದೀಪಗಳ ಪಕ್ಕ ಬಿಸಿಲಿಗಿಟ್ಟಾಗಿತ್ತು. ಸಾಕ್ಷಿ ಬಚ್ಚಲ ಪಾಲಾಯಿತು. ಆದರೆ ಬುಡದಲ್ಲಿ ಸಣ್ಣ ಅಕ್ಷರಗಳು ಹೊಳೆದವು: 'ಮೇಡ್ ಇನ್'. ಯಾವ ದೇಶ ಎನ್ನುವ ಜಾಗ ಮಾತ್ರ ಸವೆದು ನುಣ್ಣಗಾಗಿತ್ತು.

ಟಿಪ್ಪುವನ್ನು ಈ ಆರೋಪದಿಂದ ಬಿಡುಗಡೆ ಮಾಡಲು ಅಷ್ಟೇ ಸಾಕು. ಅವನು ತೀರಿಕೊಂಡದ್ದು 1799ರಲ್ಲಿ. 'ಮೇಡ್ ಇನ್' ಎಂದು ಬರೆಸುವ ಕಾಯಿದೆಗಳು ಬಂದದ್ದು ಬಹಳ ಆಮೇಲೆ. ಹೊರಗಿನ ಸರಕು ತನ್ನ ಸರಕಿನ ವೇಷದಲ್ಲಿ ಬರುತ್ತಿದೆ ಎಂದು ಬ್ರಿಟನ್ ಕಾಯಿದೆ ಮಾಡಿದ್ದು 1887ರಲ್ಲಿ. ಆಮದು ವಸ್ತುವಿನ ಮೇಲೆ ದೇಶದ ಹೆಸರಿರಬೇಕೆಂದು ಅಮೆರಿಕ ಪಟ್ಟು ಹಿಡಿದದ್ದು 1890ರಲ್ಲಿ. ಬ್ರಿಟಿಷರು ಜರ್ಮನರ ಮಾನ ಕಳೆಯಲು ಹಚ್ಚಿಸಿದ 'ಮೇಡ್ ಇನ್ ಜರ್ಮನಿ' ಕೊನೆಗೆ ಜರ್ಮನರಿಗೇ ಬಿರುದಾಯಿತು, ಆ ಮಾತು ಬೇರೆ. ಸ್ಕ್ರೂ ನೋಡಿಯೂ ವಯಸ್ಸು ಹೇಳಬಹುದು. ಪ್ಲಸ್ ಗುರುತಿನ ಸ್ಕ್ರೂ ಚಲಾವಣೆಗೆ ಬಂದದ್ದು 1930ರ ದಶಕದಲ್ಲಿ. ನನ್ನ ಬೀಗದಲ್ಲಿದ್ದದ್ದು ಮೈನಸ್. ಪ್ಲಸ್ ಇದ್ದರೆ ಹೊಸದೆಂದು ಖಾತ್ರಿ, ಮೈನಸ್ ಇದ್ದರೆ ಏನೂ ಖಾತ್ರಿಯಿಲ್ಲ.

ಬೀಗ ಟಿಪ್ಪುವಿನದಲ್ಲವೆಂದು ಪಕ್ಕದ ಮನೆಯ ರಾಯರಿಗೆ ಬೇಸರವಾಯಿತು. ಅವರನ್ನು ಸಮಾಧಾನಪಡಿಸಲು, ಅಕ್ಷರದ ಬೀಗ ಬಹಳ ಪುರಾತನ ವಿದ್ಯೆ, ಇಸ್ಫಹಾನಿನ ಕುಶಲಿಯೊಬ್ಬ ಸುಮಾರು 1200ರಲ್ಲಿ ಮಾಡಿದ ಇಂಥ ಬೀಗದ ಪೆಟ್ಟಿಗೆ ಬಾಸ್ಟನ್ನಿನ ವಸ್ತುಸಂಗ್ರಹಾಲಯದಲ್ಲಿದೆ ಎಂದೆ. "ಹಾಗಾದ್ರೆ ಟಿಪ್ಪುಗಿಂತ ಹಳೇದು ಅನ್ನಿ!" ಎಂದು ಅವರು ಬೀಗವನ್ನು ತಲೆಗೆ ಮುಟ್ಟಿಸಿಕೊಂಡರು.

ಮುಂದಿನದು ತೆರೆಯುವ ಕೆಲಸ. ಇಪ್ಪತ್ತಾರು ಅಕ್ಷರ, ನಾಲ್ಕು ಬಳೆ ಎಂದರೆ 4,56,976 ಜೋಡಣೆ. ಐದು ಸೆಕೆಂಡಿಗೊಂದರಂತೆ ಊಟ ನಿದ್ದೆ ಬಿಟ್ಟು ತಿರುಗಿಸಿದರೂ ಇಪ್ಪತ್ತಾರು ದಿನ ದಾಟುತ್ತದೆ. ರಾಯರು ನಿವೃತ್ತರು, ಆದರೂ ಭಕ್ತಿಯೇ ಹತ್ತಿರದ ದಾರಿ ಎಂದು ರಾಮ, ಹರಿ, ಸೀತಾ ಎಂದೆಲ್ಲ ತಿರುಗಿಸಿದರು. ಎದುರುಮನೆಯವರು ಶಿವಭಕ್ತರು, ಇಂಗ್ಲಿಷಿನಲ್ಲಿ ಶಿವನಿಗೆ ಐದಕ್ಷರ ಬೇಕಾಗಿ ಪೇಚಾಡುತ್ತಿದ್ದರು. ಮೇಲಿನ ಮಹಡಿಯ ಮಧುರೆಯ ಮಾಮಿ ಎಚ್ ತೆಗೆದುಹಾಕಿ ನಾಲ್ಕರಲ್ಲೇ ಮುಗಿಸಿದರು. ಶಿವ ಒಲಿಯಲಿಲ್ಲ. ಹಳೆಯ ಇಂಗ್ಲಿಷ್ ನಾಟಕವೊಂದರಲ್ಲಿ ಇಂಥ ಬೀಗ 'ಆಮೆನ್' ಎಂದರೆ ತೆರೆಯುತ್ತದೆ ಎಂದು ಹೇಳಿದೆ. ರಾಯರು ಅತ್ತಿತ್ತ ನೋಡಿ ಅದನ್ನೂ ತಿರುಗಿಸಿದರು.

ಇಷ್ಟಕ್ಕೂ ಉಪಾಯ ಬೀಗದ ಹೊಟ್ಟೆಯಲ್ಲೇ ಇದೆ. ಒಳಗೊಂದು ಹಲ್ಲಿನ ಕಡ್ಡಿ, ಪ್ರತಿ ಬಳೆಯ ಒಳಮೈಯಲ್ಲಿ ಒಂದು ಕಚ್ಚು. ನಾಲ್ಕೂ ಕಚ್ಚು ಹಲ್ಲಿನೆದುರು ಬಂದರೆ ಕಡ್ಡಿ ಜಾರಿ ಹೊರಬರುತ್ತದೆ. ಇಂಥ ಬೀಗದಲ್ಲಿ ನಾಲ್ಕು ಹಲ್ಲೂ ಒಂದೇ ಅಳತೆಯಲ್ಲಿರುವುದಿಲ್ಲ. ಕೊಂಡಿಯನ್ನು ಮೆಲ್ಲಗೆ ಎಳೆದು ಹಿಡಿದರೆ ಯಾವುದೋ ಒಂದು ಬಳೆ ಉಳಿದವಕ್ಕಿಂತ ಬಿಗಿಯಾಗುತ್ತದೆ. ಅದನ್ನೇ ನಿಧಾನಕ್ಕೆ ತಿರುಗಿಸುತ್ತಾ ಹೋದರೆ ಒಂದು ಅಕ್ಷರದ ಹತ್ತಿರ 'ಟಿಕ್' ಎಂದು ಕಡ್ಡಿ ಕೂದಲೆಳೆಯಷ್ಟು ಸರಿಯುತ್ತದೆ. ಆಮೇಲೆ ಮತ್ತೊಂದು ಬಳೆ ಬಿಗಿಯಾಗುತ್ತದೆ. ನಾನು ಹೀಗೆ ಕಿವಿಗೊಟ್ಟು ಕೂತಿದ್ದಾಗ ವಠಾರವೇ ಸುತ್ತ ಉಸಿರು ಹಿಡಿದು ನಿಂತಿತ್ತು. ಒಂದೊಂದು ಅಕ್ಷರ ಸಿಕ್ಕಾಗಲೂ ಮಕ್ಕಳು ಕೂಗಿ ಹೇಳಿದರು.

ಬೀಗ ತೆರೆಯಿತು. ಬಂದ ಪದ ಯಾವ ದೇವರದ್ದೂ ಅಲ್ಲ, ಯಾವ ಭಾಷೆಯದ್ದೂ ಅಲ್ಲ. ಕಾರ್ಖಾನೆಯವರು ಕೈಗೆ ಸಿಕ್ಕ ನಾಲ್ಕಕ್ಷರ ಇಟ್ಟಿದ್ದರು. ಬಳೆ ಬಿಚ್ಚಿ ಅದನ್ನು ಬದಲಿಸೋಣವೆಂದರೆ ತುದಿಯನ್ನು ತಟ್ಟಿ ಮುಚ್ಚಿದ್ದಾರೆ. ಈಗದು ನಮ್ಮ ಗೇಟಿನ ಮೇಲಿದೆ. ಅಕ್ಷರ ನನಗೆ ಆಗಾಗ ಮರೆತುಹೋಗುತ್ತದೆ, ತೊಂದರೆಯೇನಿಲ್ಲ. ದಾರಿಯಲ್ಲಿ ಹೋಗುವ ಯಾವ ಹುಡುಗನನ್ನು ಕರೆದರೂ ಬಂದು ತೆಗೆದುಕೊಡುತ್ತಾನೆ.