ನಾನೇನೂ ಮುಟ್ಟಿಲ್ಲ ಕಣ್ರೀ!

ಪಕ್ಕದಲ್ಲಿ ಮನೆಯವರು ಯಾರೂ ಇಲ್ಲ ತಾನೇ? ಹಾಗಾದರೆ ಒಂದು ನಿಜ ಹೇಳಿ. ಮೊನ್ನೆ ಕಂಪ್ಯೂಟರ್ ಕೈಕೊಟ್ಟಾಗ ಎಲ್ಲರ ಮುಂದೆ ಹೇಳಿದಿರಲ್ಲ, "ನಾನೇನೂ ಮುಟ್ಟಿಲ್ಲ, ಅದು ತಾನಾಗೇ ಹೀಗಾಯ್ತು" ಅಂತ, ಅದು ಸುಳ್ಳು ಅಲ್ವಾ? (ಹೆದರಬೇಡಿ, ನಾನು ಯಾರಿಗೂ ಬಾಯಿ ಬಿಡಲ್ಲ. ಬಿಡೋ ಆಸಾಮಿ ಬೇರೆ ಇದೆ, ಆ ವಿಷಯಕ್ಕೆ ಬರ್ತೀನಿ ಇರಿ.)

ಆ ಯಂತ್ರ ಮೂಗಿ ಅಂತ ನಿಮ್ಮ ಎಣಿಕೆ. ಅಲ್ಲ ಕಣ್ರೀ. ಎಡವಟ್ಟಾದಾಗೆಲ್ಲ ಅದು ಪುಟ್ಟದೊಂದು ಡಬ್ಬಿ ತೆರೆದು, ಹಿಂಗಿಂಗಾಯ್ತು ಅಂತ ಬರೆದೇ ತೋರಿಸುತ್ತೆ. ನೀವೇನು ಮಾಡ್ತೀರಿ? ಓಕೆ ಒತ್ತುತ್ತೀರಿ. ಇನ್ನೊಂದು ಬಂದರೆ ಅದಕ್ಕೂ ಓಕೆ. ಆಮೇಲೆ ನ್ಯೂಜೆರ್ಸಿಯಲ್ಲಿರೋ ಅಕ್ಕನ ಮಗನಿಗೆ, ಅಲ್ಲಿ ನಡುರಾತ್ರಿ ಅನ್ನೋದನ್ನೂ ನೋಡದೆ, ವಾಟ್ಸಾಪ್ ಕಾಲ್.

"ಏನೋ ಎರರ್ ಬಂತಪ್ಪ." "ಏನಂತ ಬಂತು ಮಾಮ?" "ಏನೋ ಇಂಗ್ಲಿಷಲ್ಲಿ ಇತ್ತು." (ಮೂವತ್ತು ವರ್ಷ ಆಫೀಸಿನಲ್ಲಿ ಇಂಗ್ಲಿಷ್ ಡ್ರಾಫ್ಟಿನ ಅಲ್ಪವಿರಾಮ ತಿದ್ದಿದವರ ಮಾತು ಇದು!) ಆ ಡಬ್ಬಿಯ ಒಂದು ಫೋಟೋ ತೆಗೆದಿದ್ದರೆ ಹುಡುಗ ಅರ್ಧ ಗಂಟೆ ಮೊದಲೇ ಮಲಗುತ್ತಿದ್ದ. ಊಟಕ್ಕೆ ಮುಂಚೆ ಹೋಳಿಗೆಯ ಫೋಟೋ ತೆಗೀತೀರಿ, ಇದಕ್ಕೆ ಮಾತ್ರ ನಿಮಗೆ ಪುರುಸೊತ್ತಿಲ್ಲ.

ಈಗ ಆ ಬಾಯಿಬಡುಕ ಆಸಾಮಿಗೆ ಬರೋಣ. ಶುಗರ್ ಡಾಕ್ಟರ ಮುಂದೆ ಕೂತು "ಸಿಹಿ ಮುಟ್ಟೋದೇ ಇಲ್ಲ ಡಾಕ್ಟ್ರೇ" ಅಂತೀರಲ್ಲ, ಅವರು ನಕ್ಕು ಎಚ್‌ಬಿಎ1ಸಿ ಟೆಸ್ಟ್ ಬರೆದು, ಹಿಂದಿನ ಎರಡು ಮೂರು ತಿಂಗಳ ಮೈಸೂರುಪಾಕನ್ನೆಲ್ಲ ಒಂದೇ ಅಂಕಿಯಲ್ಲಿ ನಿಮ್ಮ ಮುಖಕ್ಕೆ ಹಿಡೀತಾರಲ್ಲ? ವಿಂಡೋಸ್‌ನಲ್ಲೂ ಅಂಥದ್ದೊಂದಿದೆ. ಹೆಸರು ರಿಲಯಬಿಲಿಟಿ ಮಾನಿಟರ್. ವಿಸ್ಟಾ ಕಾಲದಿಂದಲೂ ಬಿಟ್ಟಿಯಾಗಿ ಒಳಗೇ ಕೂತಿದೆ, ನೀವು ಮಾತಾಡಿಸಿಲ್ಲ ಅಷ್ಟೇ.

ಸ್ಟಾರ್ಟ್ ಒತ್ತಿ ‘ರಿಲಯಬಿಲಿಟಿ’ ಅಂತ ಟೈಪ್ ಮಾಡಿ. ದಿನಕ್ಕೊಂದು ಕಂಬ, ಕೆಟ್ಟ ದಿನಕ್ಕೆ ಕೆಂಪು ಗುರುತು, ಒಂದರಿಂದ ಹತ್ತರೊಳಗೆ ಅಂಕ. ಕೆಂಪು ಶುರುವಾದ ದಿನದ ಮೇಲೆ ಕ್ಲಿಕ್ ಮಾಡಿ, ಆ ದಿನ ಏನೇನು ಇನ್‌ಸ್ಟಾಲ್ ಆಯ್ತು ಅಂತ ಪಟ್ಟಿ ಬರುತ್ತೆ. ಏನಿದು? ‘ಫ್ರೀ ಪಿಡಿಎಫ್ ಕನ್ವರ್ಟರ್’? ಅದರ ಹಿಂದೆಯೇ ಒಂದು ‘ಡ್ರೈವರ್ ಅಪ್‌ಡೇಟರ್’? ರಾತ್ರಿ ಹನ್ನೊಂದೂಮುಕ್ಕಾಲಿಗೆ? ಮನೆಯವರೆಲ್ಲ ಮಲಗಿದ್ದರು, ನೀವೊಬ್ಬರೇ ಎಚ್ಚರ... ಇರಲಿ ಬಿಡಿ. (ಒಂದೊಂದು ಸಲ ತಪ್ಪು ನಿಜವಾಗಲೂ ನಿಮ್ಮದಿರಲ್ಲ. ಆ ರಾತ್ರಿ ವಿಂಡೋಸೇ ಸದ್ದಿಲ್ಲದೆ ಅಪ್‌ಡೇಟ್ ಹಾಕಿಕೊಂಡಿರುತ್ತೆ. ಅದೂ ಆ ಪಟ್ಟಿಯಲ್ಲಿರುತ್ತೆ. ಆಗ ಮಾತ್ರ ಎದೆಯುಬ್ಬಿಸಿ ಮನೆಯವರನ್ನೆಲ್ಲ ಕರೆದು ತೋರಿಸಿ.)

ಹಾಗಂತ ಬಳಸೋರ ಮಾತೆಲ್ಲ ಸುಳ್ಳು ಅಂತ ನಾನು ಹೇಳಲ್ಲ. ಉಬುಂಟು ಲಿನಕ್ಸ್ ಬಳಸುತ್ತಿದ್ದ ಒಬ್ಬಾತನ ಹೆಂಡತಿ ದೂರಿದಳಂತೆ: "ಓಪನ್ ಆಫೀಸ್‌ನಲ್ಲಿ ಮಂಗಳವಾರ ಪ್ರಿಂಟ್ ಬರಲ್ಲ." ಇದು 2009ರ ಮಾತು. ನೀವಾಗಿದ್ದರೆ ಏನಂತಿದ್ರಿ? "ಮಂಗಳವಾರ ಕ್ಷೌರ ಮಾಡಿಸಬಾರದು, ಗೊತ್ತು. ಪ್ರಿಂಟೂ ತೆಗೀಬಾರದಾ?" ಅಂತ ನಗುತ್ತಿದ್ರಿ. ಗಂಡ ಮಹಾಶಯನೂ ಮೊದಲು ನಂಬಲಿಲ್ಲ. ಆಮೇಲೆ ನೋಡಿದರೆ, ಸೋಮವಾರ ಬರುತ್ತೆ, ಬುಧವಾರ ಬರುತ್ತೆ, ಮಂಗಳವಾರ ಬಿಲ್ಕುಲ್ ಇಲ್ಲ!

ಕಾರಣ ಕೇಳಿ. ಪ್ರಿಂಟಿಗೆ ಹೋಗೋ ಫೈಲಿನ ಶುರುವಿನಲ್ಲಿ ಅದು ತಯಾರಾದ ದಿನ, ವಾರ ಎಲ್ಲ ಇರುತ್ತೆ. ಇದು ಯಾವ ಜಾತಿಯ ಫೈಲು ಅಂತ ನಾಲ್ಕಾರು ಅಕ್ಷರ ಮೂಸಿ ಹೇಳೋಕೆ ಒಳಗೊಬ್ಬ ಕಾರಕೂನ ಇದ್ದಾನೆ. (ಅವನ ಹೆಸರೂ ‘ಫೈಲ್’.) ಮಂಗಳವಾರದ ಇಂಗ್ಲಿಷ್ ಹೆಸರಿನ ಮೊದಲ ಮೂರು ಅಕ್ಷರ ಕಂಡಿದ್ದೇ ತಡ, ಅವನು ಇದು ‘ಅರ್ಲಾಂಗ್’ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಫೈಲು ಅಂತ ಷರಾ ಬರೆದು ಪಕ್ಕಕ್ಕಿಡುತ್ತಿದ್ದ. ಆಕೆ ಹೇಳಿದ್ದು ಅಕ್ಷರಶಃ ಸರಿ. ಯಾಕೆ ಸರಿ ಹೇಳಿ? ಆಕೆ ಕಂಡದ್ದನ್ನು ಕಂಡ ಹಾಗೆ ಹೇಳಿದಳು. "ಕಂಪ್ಯೂಟರಿಗೆ ವೈರಸ್ ಬಂದಿದೆ" ಅಂತ ನಿಮ್ಮ ಹಾಗೆ ತೀರ್ಪು ಕೊಡಲಿಲ್ಲ.

ಇನ್ನೊಂದು ಕೇಳ್ತೀರಾ? ಕುರ್ಚಿಯಿಂದ ಎದ್ದರೆ ಮಾನಿಟರ್ ಒಂದು ಕ್ಷಣ ಕಪ್ಪಾಗುತ್ತೆ ಅಂತ ಯಾರಾದರೂ ಅಂದರೆ ನಗಬೇಡಿ. ಎತ್ತರ ಹೊಂದಿಸೋಕೆ ಗ್ಯಾಸ್ ಕಂಬ ಇರುತ್ತಲ್ಲ, ಅಂಥ ಆಫೀಸ್ ಕುರ್ಚಿಯಲ್ಲಿ ಎದ್ದು ಕೂರುವಾಗ ವಿದ್ಯುತ್ಕಾಂತೀಯ ಅಡಚಣೆ ಹುಟ್ಟಿ ವಿಡಿಯೋ ಕೇಬಲ್ಲಿಗೆ ತೊಂದರೆ ಕೊಡಬಹುದು ಅಂತ ಮಾನಿಟರ್ ಜೋಡಿಸೋ ತಂತ್ರಜ್ಞಾನದ ಡಿಸ್‌ಪ್ಲೇಲಿಂಕ್ ಕಂಪನಿಯೇ ತನ್ನ ಸಹಾಯದ ಟಿಪ್ಪಣಿಯಲ್ಲಿ ಬರೆದಿದೆ.

ನಿಮ್ಮ ವೈರಸ್ಸಿನ ಪುರಾಣ ಬಂತಲ್ಲ, ಒಂದೆರಡು ಬಿಚ್ಚೋಣ. ಅಣ್ಣ ಕಳಿಸಿದ ಮದುವೆ ಲಗ್ನಪತ್ರಿಕೆ ತೆರೆದರೆ ಕನ್ನಡದ ಜಾಗದಲ್ಲಿ ಬರೀ ಚಿತ್ರವಿಚಿತ್ರ ಲಿಪಿ. "ವೈರಸ್!" ಅಲ್ಲ ಸ್ವಾಮಿ, ಅವರು ಹಳೇ ನುಡಿ ಫಾಂಟಿನಲ್ಲಿ ಬರೆದಿದ್ದಾರೆ, ನಿಮ್ಮಲ್ಲಿ ಆ ಫಾಂಟಿಲ್ಲ. ಪಾಸ್‌ವರ್ಡ್ ನಾಲ್ಕು ಸಲ ಹೊಡೆದರೂ ತಪ್ಪು ಅನ್ನುತ್ತಾ? "ಹ್ಯಾಕ್ ಮಾಡಿದ್ದಾರೆ!" ಇಲ್ಲ, ವಿಂಡೋಸ್ ಕೀ ಜೊತೆ ಸ್ಪೇಸ್ ತಾಗಿ ಕೀಬೋರ್ಡು ಕನ್ನಡಕ್ಕೆ ಹೊರಳಿದೆ. ಚುಕ್ಕೆಗಳ ಹಿಂದೆ ಅಚ್ಚ ಕನ್ನಡ ಬೀಳ್ತಿದೆ. (ನವೆಂಬರಿನಲ್ಲಾದರೆ ಹೆಮ್ಮೆ ಪಡಬಹುದಿತ್ತು.)

ಬ್ಯಾಂಕ್, ಮೇಲ್, ಎಲ್ಲ ವೆಬ್‌ಸೈಟೂ ‘ಇದು ಸುರಕ್ಷಿತವಲ್ಲ’ ಅಂತ ಒಟ್ಟಿಗೇ ಹೆದರಿಸುತ್ತಿವೆಯಾ? ಮೂಲೆಯ ಗಡಿಯಾರ ನೋಡಿ. ಎಷ್ಟೋ ವರ್ಷ ಹಿಂದಿನ ತಾರೀಖು! ಹಳೇ ಡೆಸ್ಕ್‌ಟಾಪಿನ ಮದರ್‌ಬೋರ್ಡಿನಲ್ಲಿ ಗಡಿಯಾರ ನಡೆಸೋ ಸಿಆರ್2032 ಅನ್ನೋ 3 ವೋಲ್ಟಿನ ಬಿಲ್ಲೆ ಬ್ಯಾಟರಿ ಸತ್ತಿದೆ. ಪ್ರತಿ ವೆಬ್‌ಸೈಟಿನ ಸರ್ಟಿಫಿಕೇಟಿಗೂ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ವಾಯಿದೆ ಇರುತ್ತೆ. ನಿಮ್ಮ ಯಂತ್ರದ ಲೆಕ್ಕದಲ್ಲಿ ಆ ವಾಯಿದೆ ಇನ್ನೂ ಹುಟ್ಟೇ ಇಲ್ಲ. ಅಂಗಡಿಯಲ್ಲಿ ಅಲ್ಪ ದುಡ್ಡಿಗೆ ಸಿಗೋ ಬಿಲ್ಲೆ ಇದು. ನೀವು ಅಷ್ಟರಲ್ಲಿ ಆಂಟಿವೈರಸ್ ಕೊಂಡಾಗಿದೆ, ಅದೂ ಎರಡು.

ಇದೇ ನೋಡಿ ನಿಮ್ಮ ದೊಡ್ಡ ಚಾಳಿ. ತಿದ್ದೋದಿದ್ದರೆ ಎಲ್ಲ ಒಟ್ಟಿಗೆ. ಬ್ರೌಸರ್ ತೆಗೆದು ಹಾಕಿ, ರಿಜಿಸ್ಟ್ರಿ ಕ್ಲೀನರ್ ಓಡಿಸಿ, ರೌಟರ್ ಕಿತ್ತು ಮತ್ತೆ ಚುಚ್ಚಿ, ಊದಿನಕಡ್ಡಿಯೊಂದು ಬಾಕಿ. ಸರಿಹೋದರೆ ಯಾವುದರಿಂದ ಸರಿಹೋಯ್ತು? ಕೆಟ್ಟರೆ ಯಾವುದರಿಂದ ಕೆಡ್ತು? ಬಲ್ಲವರು ಹೀಗೆ ಮಾಡಲ್ಲ. ಶುರುವಿನಲ್ಲೇ ಓಡೋ ಪ್ರೋಗ್ರಾಂಗಳಲ್ಲಿ ಅರ್ಧದಷ್ಟನ್ನು ಆಫ್ ಮಾಡಿ ನೋಡ್ತಾರೆ. ಕಾಟ ನಿಂತಿತಾ? ಕಳ್ಳ ಆ ಅರ್ಧದಲ್ಲಿದ್ದಾನೆ. ಇಲ್ಲವಾ? ಈ ಅರ್ಧದಲ್ಲಿ. ಕಳ್ಳ ಒಬ್ಬನೇ ಆಗಿದ್ದರೆ 32 ಪ್ರೋಗ್ರಾಂ ಇದ್ದರೂ ಐದೇ ಸುತ್ತಿಗೆ ಜುಟ್ಟು ಕೈಗೆ. ಆದರೆ ಐದು ಸುತ್ತು ಕೂರೋ ತಾಳ್ಮೆ ಯಾರಿಗಿದೆ, ಧಾರಾವಾಹಿ ಟೈಮಾಯ್ತು.

ಅಂದಹಾಗೆ, "ನಿಮ್ಮ ಕಂಪ್ಯೂಟರಿನಲ್ಲಿ ದೋಷ ಕಂಡಿದೆ" ಅಂತ ತಾನಾಗೇ ಫೋನ್ ಮಾಡೋ ಸುಸಂಸ್ಕೃತ ದನಿಗೆ ಮರುಳಾಗಬೇಡಿ. ಅವನು ನಿಮ್ಮ ಕೈಯಲ್ಲೇ ಈವೆಂಟ್ ವ್ಯೂವರ್ ತೆರೆಸಿ ಸಾಲು ಸಾಲು ಕೆಂಪು ಎರರ್ ತೋರಿಸ್ತಾನೆ. ಆರೋಗ್ಯವಾಗಿರೋ ಕಂಪ್ಯೂಟರಿನಲ್ಲೂ ಆ ಸಾಲು ಇದ್ದೇ ಇರುತ್ತೆ. ಅದರಲ್ಲಿ 10016 ಅಂತ ಬರೋದನ್ನು ಸುಮ್ಮನೆ ಬಿಡಬಹುದು ಅಂತ ಮೈಕ್ರೋಸಾಫ್ಟೇ ಹೇಳಿದೆ. (ಎರರ್ ಡಬ್ಬಿ ಓದದ ನೀವು ಅವನು ತೋರಿಸಿದ್ದನ್ನು ಮಾತ್ರ ಕನ್ನಡಕ ಹಾಕಿಕೊಂಡು ಓದ್ತೀರಿ, ಅದೇ ಮಜಾ.)

ಕೊನೆಗೊಂದು ಪಂಥ. "ದಿನಾ ರಾತ್ರಿ ಶಟ್‌ಡೌನ್ ಮಾಡೇ ಮಲಗ್ತೀನಿ" ಅಂತೀರಲ್ಲ? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬಂತಾ? ಪರ್ಫಾರ್ಮೆನ್ಸ್, ಸಿಪಿಯು. ಕೆಳಗೆ ‘ಅಪ್ ಟೈಮ್’ ಅಂತಿದೆ, ಓದಿ. ಹತ್ತೊಂಬತ್ತು ದಿನವಾ? ವಿಂಡೋಸ್ 8 ಬಂದಾಗಿನಿಂದ ಫಾಸ್ಟ್ ಸ್ಟಾರ್ಟಪ್ ಅಂತೊಂದಿದೆ. ಬಹಳಷ್ಟು ಯಂತ್ರಗಳಲ್ಲಿ ಶಟ್‌ಡೌನ್ ಅಂದರೆ ನಿಮ್ಮ ಕಿಟಕಿಗಳನ್ನೆಲ್ಲ ಮುಚ್ಚಿ, ಒಳಗಿನ ತಿರುಳಾದ ಕರ್ನಲ್ಲನ್ನು ಮಾತ್ರ ಇದ್ದ ಹಾಗೇ ಡಿಸ್ಕಿಗೆ ಬರೆದಿಟ್ಟು, ಬೆಳಿಗ್ಗೆ ಅದನ್ನೇ ಎಬ್ಬಿಸೋದು. ನಿನ್ನೆಯ ತಂಟೆಯೂ ಜೊತೆಗೇ ಏಳುತ್ತೆ.

ರೀಸ್ಟಾರ್ಟ್ ಒತ್ತಿದರೆ ಹಾಗಲ್ಲ, ಎಲ್ಲ ಮುಚ್ಚಿ ಹೊಸದಾಗಿ ಶುರು. ಹೌದು, ಅಷ್ಟೇ. ಅಕ್ಕನ ಮಗ ಪ್ರತಿ ಸಲ ಮೊದಲು ಹೇಳೋದೂ ಅದನ್ನೇ, ನೀವು "ಮಾಡಿದೆ, ಮಾಡಿದೆ" ಅಂತ ಮಾಡದೇ ಇರೋದೂ ಅದನ್ನೇ. ಈಗ ಒತ್ತಿ ನೋಡೋಣ, ನಾನು ಇಲ್ಲೇ ಇದ್ದೀನಿ. ಹ್ಞಾಂ, ಒತ್ತಿದ್ರಾ? ಭೇಷ್.

ಅಲ್ರೀ... ತೆರೆದಿಟ್ಟಿದ್ದ ಆ ಎಕ್ಸೆಲ್ ಶೀಟು ಸೇವ್ ಮಾಡಿದ್ರಿ ತಾನೇ?