‘ತುಂಬಿತು’ ಎಂಬ ಕ್ರಿಯಾಪದದೊಡನೆ ಮದಲೂರು ಕೆರೆಯೇರಿಯ ಮೇಲೆ

ಶಿರಾ ತಾಲ್ಲೂಕಿನ ಮದಲೂರು ಕೆರೆಯ ಏರಿಯ ಮೇಲೆ, ನೀರಿಗಿಂತ ಹೆಚ್ಚು ಕಾಲ ಜಾಲಿಯನ್ನೇ ಪೋಷಿಸಿದ ಅಂಗಳವನ್ನು ಅವಲೋಕಿಸುತ್ತ ಆಸೀನವಾಗಿದ್ದ ‘ತುಂಬಿತು’ ಎಂಬ ಭೂತಕಾಲದ ಕ್ರಿಯಾಪದವು, ಕೇಶಿರಾಜನ ಕಾಲದಿಂದಲೂ ವೈಯಾಕರಣರ ಪರೀಕ್ಷೆಗೆ ಮೈಯೊಡ್ಡಿದ ವೃದ್ಧರಿಗೆ ಸಹಜವಾದ ಸಮಾಧಾನದಿಂದ, ನನ್ನ ಪ್ರಶ್ನೆಗಳಿಗೆ ಉತ್ತರಿಸಲು ಸಮ್ಮತಿಸಿತು.

ನಾನು: ತಮ್ಮ ವಂಶವೃತ್ತಾಂತವನ್ನು ಸಂಕ್ಷೇಪವಾಗಿ ಅಪ್ಪಣೆ ಕೊಡಿಸಬೇಕು.

ಕ್ರಿಯಾಪದ: ‘ತುಂಬು’ ಎಂಬುದು ನಮ್ಮ ಮೂಲಧಾತು, ಭೂತಕಾಲಕ್ಕೆ ದಕಾರ ಸೇರಿ ತುಂಬಿದೆನು, ತುಂಬಿದಳು, ತುಂಬಿದರು ಎಂದಾಗುವುದು, ನನ್ನಂಥ ನಪುಂಸಕಲಿಂಗದ ಏಕವಚನಕ್ಕೆ ಮಾತ್ರ ‘ಇತು’. ನೆರೆಮನೆಯ ಬೀಳು, ಕೀಳು, ಸಾಯು ಮುಂತಾದವರು ಭೂತಕಾಲದ ಹೊಸ್ತಿಲು ದಾಟಿದೊಡನೆ ಬಿದ್ದ, ಕಿತ್ತ, ಸತ್ತ ಎಂದು ಗುರುತು ಸಿಗದಂತೆ ವೇಷ ಬದಲಿಸುವರಾದರೂ, ಪಕ್ಷಾಂತರಗಳನ್ನು ಕಂಡು ಪಳಗಿದ ನಮ್ಮ ನಾಡಿನವರಿಗೆ ಅದೇನೂ ವಿಸ್ಮಯವಲ್ಲ.

ನಾನು: ಸ್ಪ್ಯಾನಿಷ್ ಕಲಿಯುವ ತರುಣರು ಆ ಭಾಷೆಯ ಭೂತಕಾಲವೇ ಮಹಾಕಂಟಕವೆಂದು ದೂರುವರಲ್ಲ?

ಕ್ರಿಯಾಪದ: ಅಲ್ಲಿ ಒಮ್ಮೆ ತುಂಬಿ ಮುಗಿದ ಕೆರೆಗೆ ‘ಸೆ ಯೆನೊ’ ಎಂಬ ರೂಪ, ವರ್ಷವರ್ಷವೂ ತುಂಬುತ್ತಿದ್ದ ಕೆರೆಗೆ ‘ಸೆ ಯೆನಾಬಾ’ ಎಂಬುದು ಬೇರೆಯೇ ರೂಪ. ಈ ಎರಡನ್ನು ಬೆರೆಸಿದ ವಿದ್ಯಾರ್ಥಿಗೆ ಅಂಕ ಹೋಗುವುದು. ಆದರೆ ಇದೇ ಏರಿಯ ಮೇಲೆ ಕುರಿ ಕಾಯುವ ಮುದುಕರು, ಯಾವ ಗುರುಕುಲದ ಹಂಗೂ ಇಲ್ಲದೆ, ‘ನಮ್ಮಪ್ಪನ್ ಕಾಲ್ದಾಗೆ ತುಂಬ್ತಿತ್ತು ಕಣಪ್ಪಾ’ ಎನ್ನುವರಲ್ಲದೆ ಅಪ್ಪಿತಪ್ಪಿಯೂ ‘ತುಂಬಿತು’ ಎನ್ನರು. ಅವರಿಗೆ ಪೂರ್ಣಾಂಕ ಕೊಡಬೇಡವೆ?

ನಾನು: 2020ರ ಶಿರಾ ಉಪಚುನಾವಣೆಯಲ್ಲಿ ತಮ್ಮ ಹೆಸರು ಬಹಳವಾಗಿ ಕೇಳಿಬಂದಿತು.

ಕ್ರಿಯಾಪದ: ನನ್ನದಲ್ಲ, ನನ್ನ ತಮ್ಮ ‘ತುಂಬಿಸುವೆನು’ ಎಂಬವನದು. ಅಂದಿನ ಮುಖ್ಯಮಂತ್ರಿಗಳಾದ ಯಡಿಯೂರಪ್ಪನವರು ಆರು ತಿಂಗಳೊಳಗಾಗಿ ಈ ಕೆರೆಯನ್ನು ತುಂಬಿಸುವುದಾಗಿ ವಾಗ್ದಾನ ಮಾಡಿದರು. ಆ ವರ್ಷದ ಕೊನೆಯಲ್ಲಿ ನಾಲೆಗೆ ನೀರು ಬಿಟ್ಟದ್ದೂ ಉಂಟೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಆದರೆ ಗೊರೂರಿನ ಹೇಮಾವತಿಯು ಕಳ್ಳಂಬೆಳ್ಳವನ್ನೂ ಶಿರಾ ಕೆರೆಯನ್ನೂ ಸಂತೋಷಪಡಿಸಿದ ಬಳಿಕವಲ್ಲವೆ ಪಂಕ್ತಿಯ ಕೊನೆಯೆಲೆಗೆ ಬಡಿಸಬೇಕಾದದ್ದು! ಇಷ್ಟಾಗಿಯೂ, ಪಕ್ಷಭೇದವಿಲ್ಲದೆ ನಮ್ಮ ಜನನಾಯಕರ ವ್ಯಾಕರಣಪಾಂಡಿತ್ಯವನ್ನು ನಾನು ಮೆಚ್ಚಿಕೊಂಡಿದ್ದೇನೆ: ನೀರು ಬಂದ ವರ್ಷ ಪ್ರೇರಣಾರ್ಥಕವನ್ನು ಉತ್ತಮಪುರುಷದಲ್ಲಿ ಪ್ರಯೋಗಿಸಿ ‘ನಾನು ತುಂಬಿಸಿದೆನು’ ಎಂದು ಬ್ಯಾನರು ಕಟ್ಟಿಸುವರು; ಬಾರದ ವರ್ಷ, ಕರ್ತೃವನ್ನು ನಿಶ್ಶಬ್ದವಾಗಿ ಸಾಗಹಾಕಿ, ‘ತುಂಬಲಿಲ್ಲ’ ಎಂದು ನಪುಂಸಕಲಿಂಗಕ್ಕೆ ಶರಣು ಹೋಗುವರು.

ನಾನು: ತಮ್ಮ ಮನಸ್ಸಿಗೆ ಅತ್ಯಂತ ವ್ಯಥೆಯನ್ನುಂಟುಮಾಡಿದ ಸಂಗತಿ?

ಕ್ರಿಯಾಪದ: ‘ತುಂಬಿದ’ ಎಂಬ ನನ್ನ ಭೂತಕಾಲದ ಶರೀರಕ್ಕೆ ‘ರೆ’ ಎಂಬ ಒಂದಕ್ಷರವನ್ನು ಅಂಟಿಸಿಬಿಟ್ಟರೆ, ಆಗಿಹೋದದ್ದೆಲ್ಲ ಆಗಬಹುದಾದದ್ದಾಗಿಬಿಡುತ್ತದೆ: ಕೆರೆ ತುಂಬಿದರೆ, ಮಳೆ ಬಂದರೆ, ನಾವು ಗೆದ್ದರೆ. ಇನ್ನು ನಿಮ್ಮ ಮನೆಗಳಲ್ಲಿಯೂ, ಉಣ್ಣಲು ಕರೆದಾಗ ಕುಳಿತಲ್ಲಿಂದ ಕದಲದವನು ‘ಇಗೋ ಬಂದೆ’ ಎಂದು ಭೂತಕಾಲದಲ್ಲೇ ಆಣೆಯಿಡುವನು. ಸ್ಪೇನಿನವನಾದರೋ ಇಂಥ ಸಂದರ್ಭದಲ್ಲಿ ವರ್ತಮಾನಕ್ಕೆ ತೃಪ್ತನಾಗಿ ‘ಯಾ ವೊಯ್’ ಎಂದಷ್ಟೇ ಸುಳ್ಳು ಹೇಳುವನು.

ನಾನು: ತಮಗೆ ಪ್ರತಿಸ್ಪರ್ಧಿಗಳು ಯಾರಾದರೂ?

ಕ್ರಿಯಾಪದ: ‘ತುಂಬದು’ ಇದೆಯಲ್ಲ! ನಿಷೇಧರೂಪಕ್ಕೆ ಕಾಲಸೂಚಕ ಪ್ರತ್ಯಯದ ಗೊಡವೆಯೇ ಇಲ್ಲದ್ದರಿಂದ, ಹಳಗನ್ನಡದಲ್ಲಿ ಅದು ಭೂತ, ಭವಿಷ್ಯತ್, ವರ್ತಮಾನಗಳೆಂಬ ಮೂರು ಹುದ್ದೆಗಳನ್ನೂ ಒಬ್ಬಂಟಿಯಾಗಿ ನಿರ್ವಹಿಸುತ್ತಿತ್ತು. ಹೊಸಗನ್ನಡವು ಅದರ ಅಧಿಕಾರವನ್ನು ಬಹುಮಟ್ಟಿಗೆ ಮೊಟಕುಗೊಳಿಸಿದೆಯೆಂದು ಪಂಡಿತರು ಹೇಳುವರಾದರೂ, ಅವರು ಬೇಸಗೆಯಲ್ಲಿ ಈ ಸೀಮೆಗೆ ಬಂದವರಲ್ಲವೆಂದು ತೋರುತ್ತದೆ.

ನಾನು: ಓದುಗರಿಗೆ ಏನಾದರೂ ವಿಜ್ಞಾಪನೆ?

ಕ್ರಿಯಾಪದ: ಮುಂದಿನ ಚುನಾವಣೆಯ ಸಭೆಗಳಿಗೆ ದಯಮಾಡಿಸುವ ಮಹನೀಯರು ಕಿಸೆಯಲ್ಲಿ ಸೀಸದಕಡ್ಡಿಯೊಂದನ್ನು ಇಟ್ಟುಕೊಂಡು, ಭಾಷಣದಲ್ಲಿ ‘ರೆ’ ಬಂದಾಗಲೆಲ್ಲ ಒಂದೊಂದು ಗೆರೆಯೆಳೆದು, ಲೆಕ್ಕವನ್ನು ಭಾಷಣಕಾರರಿಗೇ ಒಪ್ಪಿಸಬೇಕಾಗಿ ಪ್ರಾರ್ಥನೆ.