ಒಣ ಮುರುಗಲು ಸಿಪ್ಪೆಯಿಂದ ಉತ್ಕರ್ಷಣ ನಿರೋಧಕಗಳ ಗರಿಷ್ಠ ನಿಷ್ಕರ್ಷಣೆ: ಅಕ್ಕನ ಅಡುಗೆಮನೆಯನ್ನು ಅನುಲಕ್ಷಿಸಿ ಒಂದು ಪ್ರೌಢ ಜಿಜ್ಞಾಸೆ

ಒಣಗಿಸಿದ ಮುರುಗಲು ಸಿಪ್ಪೆಯನ್ನು ನೀರಲ್ಲಿ ನೆನೆಹಾಕಿ, ಕಿವುಚಿ, ಬೆಲ್ಲ ಕದಡಿ ಕುಡಿಯುವ ರೂಢಿ ಶಿರಸಿ ಸೀಮೆಯಲ್ಲಿ ಬಹುಕಾಲದಿಂದಿದೆ. ಆದರೆ ಈ ಕೆಲಸವನ್ನು ಯಾವ ಮನೆಯವರೂ ಸಾಕಷ್ಟು ಕಷ್ಟಪಟ್ಟು ಮಾಡಿದಂತಿಲ್ಲ. ಜ್ಞಾನಲೋಕದ ಈ ಕೊರತೆಯನ್ನು ನೀಗಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಸಾಮಗ್ರಿ: ಗಾರ್ಸಿನಿಯಾ ಇಂಡಿಕಾ. ಮಂಗಳೂರಿನ ಕಡೆ ಪುನರ್ಪುಳಿ, ಕೊಂಕಣದಲ್ಲಿ ಕೋಕಂ. ಬೇಸಿಗೆಯಲ್ಲಿ ಹಣ್ಣಾಗುವ ಇದನ್ನು ಮಳೆ ಹಿಡಿಯುವ ಮೊದಲೇ ಒಣಗಿಸಬೇಕಾದ್ದರಿಂದ ಒಣಗಿಸುವ ತಾಪಮಾನ ಅಕ್ಕನ ಅಂಗಳದಲ್ಲಿ ಸೂರ್ಯನ ಮರ್ಜಿಗೂ, ಅವಧಿ ಮೋಡದ ಮರ್ಜಿಗೂ ಒಳಪಟ್ಟಿತ್ತು. ಸಿಪ್ಪೆಯ ಕೆಂಪಿಗೆ ಕಾರಣ ಆಂಥೋಸಯಾನಿನ್‌ಗಳು. ಇವು ನೀರಲ್ಲಿ ಕರಗುತ್ತವೆ, ಹೆಚ್ಚು ಬಿಸಿ ತಾಗಿದರೆ ಕೆಡುತ್ತವೆ, ಹುಳಿಯಲ್ಲಿ ಕೆಂಪಗಿದ್ದು ಕ್ಷಾರದಲ್ಲಿ ನೀಲಿಗೆ ತಿರುಗುತ್ತವೆ. ಕೊನೆಯ ಅಂಶವನ್ನು ಅಕ್ಕನ ಮಗಳು ಒಂದು ತಂಬಿಗೆ ಪಾನಕಕ್ಕೆ ಅಡುಗೆ ಸೋಡಾ ಸುರಿದು ಸ್ವತಂತ್ರವಾಗಿ ದೃಢಪಡಿಸಿದ್ದಾಳೆ. ಅವಳಿಗೆ ಸಿಕ್ಕ ಮನ್ನಣೆಯನ್ನು ಇಲ್ಲಿ ವಿವರಿಸುವುದಿಲ್ಲ.

ಪ್ರಯೋಗದ ವಿನ್ಯಾಸಕ್ಕೆ ಬಾಕ್ಸ್ ಮತ್ತು ಬೆಹ್ನ್‌ಕೆನ್ 1960ರಲ್ಲಿ ಪ್ರಕಟಿಸಿದ ಮಾರ್ಗವನ್ನು ಆಯ್ದುಕೊಂಡೆವು. ನೀರಿನ ಬಿಸಿ, ನೆನೆಸುವ ಹೊತ್ತು, ಸಿಪ್ಪೆಗೆ ನೀರಿನ ಪ್ರಮಾಣ: ಮೂರು ಅಂಶ, ಒಂದೊಂದಕ್ಕೂ ಮೂರು ಹಂತ. ಎಲ್ಲವನ್ನೂ ಎಲ್ಲದರೊಡನೆ ಪರೀಕ್ಷಿಸಿದರೆ 27 ಪ್ರಯೋಗ. ಈ ಮಾರ್ಗದಲ್ಲಿ ನಡುಬಿಂದುವಿನ ಪುನರಾವರ್ತನೆ ಸೇರಿ 15 ಸಾಕು. ಉಳಿತಾಯವನ್ನು ಹೆಮ್ಮೆಯಿಂದ ಪ್ರಯೋಗಾಲಯದ ಮುಖ್ಯಸ್ಥೆಗೆ ನಿವೇದಿಸಲಾಗಿ, "ಹದಿನೈದು ಲೋಟ ತೊಳೆಯೋದು ಯಾರು, ನಿನ್ನ ಬಾಕ್ಸೋ ಬೆಹ್ನ್‌ಕೆನ್ನೋ?" ಎಂಬ ವಿಮರ್ಶೆ ಬಂತು. ನೀರಿನ ಪ್ರಮಾಣವಂತೂ ಸಂಶೋಧಕನ ಕೈಯಲ್ಲಿ ಉಳಿಯಲೇ ಇಲ್ಲ. ಜಗಲಿಗೆ ಇನ್ನಿಬ್ಬರು ನೆಂಟರು ಬಂದು ಕೂತೊಡನೆ ಅದು ತಾನಾಗಿ ಏರಿತು.

ದ್ರಾವಕದ ವಿಚಾರ ಇನ್ನೂ ಸೂಕ್ಷ್ಮ. ಪಾಲಿಫಿನಾಲ್‌ಗಳನ್ನು ಎಳೆಯಲು ಬರೀ ನೀರಿಗಿಂತ, ಬರೀ ಎಥನಾಲ್‌ಗಿಂತ ಎರಡರ ಮಿಶ್ರಣ ಸಾಮಾನ್ಯವಾಗಿ ಮೇಲು. ಇದನ್ನು ಕೇಳಿದ್ದೇ ಭಾವನವರು, ಅದುವರೆಗೆ ವಿಜ್ಞಾನದಲ್ಲಿ ಯಾವ ಆಸಕ್ತಿಯನ್ನೂ ತೋರದವರು, ಮಿಶ್ರಣವನ್ನು ಸ್ವಂತ ಖರ್ಚಿನಲ್ಲಿ ಒದಗಿಸಲು ಮುಂದೆ ಬಂದರು. ನೈತಿಕ ಸಮಿತಿ (ಅಕ್ಕ) ಅನುಮತಿ ನಿರಾಕರಿಸಿತು.

ಫಲಿತಾಂಶವನ್ನು ಅಳೆಯಲು ಫೋಲಿನ್–ಸಿಯೊಕಾಲ್ಟು ದ್ರಾವಣವಿದೆ. ಫಿನಾಲ್ ಕಂಡರೆ ನೀಲಿಗಟ್ಟುತ್ತದೆ. ವಿಟಮಿನ್ ಸಿ ಕಂಡರೂ ಅಷ್ಟೇ, ಕೆಲವು ಸಕ್ಕರೆಗಳು ಕಂಡರೂ ಅಷ್ಟೇ. ಮದುವೆ ಮನೆಯಲ್ಲಿ ಎಲ್ಲರನ್ನೂ ನೆಂಟರೆಂದೇ ಬಗೆದು ಕೈಮುಗಿಯುವ ಯಜಮಾನನಂತೆ. ಹೀಗಾಗಿ ಅಂಕಿ ಏರಿಸಬಯಸುವ ಸಂಶೋಧಕನಿಗೆ ಸಿಪ್ಪೆಗಿಂತ ಬೆಲ್ಲದ ಡಬ್ಬಿಯೇ ಹೆಚ್ಚು ಉಪಕಾರಿ. ಇನ್ನೊಂದು ವಿಧಾನ ಡಿಪಿಪಿಎಚ್: ನೇರಳೆ ದ್ರಾವಣ ಹಳದಿಗೆ ತಿರುಗುವುದನ್ನು 517 ನ್ಯಾನೋಮೀಟರಿನಲ್ಲಿ ನೋಡುವುದು. ದುರದೃಷ್ಟವಶಾತ್ ಮುರುಗಲಿನ ಕೆಂಪೂ ಬೆಳಕನ್ನು ಹೀರುವುದು ಹೆಚ್ಚುಕಡಿಮೆ ಅಲ್ಲಿಯೇ. ನೋಡಬೇಕಾದ್ದರ ಎದುರಿಗೆ ನೋಡಬೇಕಾದ್ದೇ ಅಡ್ಡ ನಿಂತಿತು.

ಅಂಕಿ ಬಂತೆಂದೇ ಇಟ್ಟುಕೊಳ್ಳೋಣ. ಅದರಿಂದ ಭಾವನವರಿಗೇನು? ಆಹಾರಗಳ ಉತ್ಕರ್ಷಣ ನಿರೋಧಕ ಅಂಕಗಳ ದೊಡ್ಡ ಪಟ್ಟಿಯೊಂದನ್ನು ಅಮೆರಿಕದ ಕೃಷಿ ಇಲಾಖೆಯೇ 2012ರಲ್ಲಿ ಜಾಲತಾಣದಿಂದ ಇಳಿಸಿಬಿಟ್ಟಿತು. ಗಾಜಿನ ನಳಿಗೆಯಲ್ಲಿ ಸಿಕ್ಕ ಸಂಖ್ಯೆ ಮೈಯೊಳಗಿನ ಪರಿಣಾಮವನ್ನು ಹೇಳುವುದಿಲ್ಲ ಎಂಬುದು ಒಂದು ಕಾರಣ. ಆ ಸಂಖ್ಯೆಗಳನ್ನು ಸರಕು ಮಾರಲು ಬಳಸುತ್ತಿದ್ದರು ಎಂಬುದು ಇನ್ನೊಂದು. ಪ್ರಸ್ತುತ ಲೇಖಕನಿಗೆ ಮಾರಲು ಸರಕಿಲ್ಲದ ಕಾರಣ ಸಂಶೋಧನೆಯನ್ನು ಮುಂದುವರಿಸಲಾಯಿತು.

ಕೊನೆಗೆ ಉಳಿದದ್ದು ಗಾರ್ಸಿನಾಲ್ ಎಂಬ ಹಳದಿ ವಸ್ತು. ಪ್ರಬಲ ಉತ್ಕರ್ಷಣ ನಿರೋಧಕ, ಆದರೆ ಜಿಡ್ಡಿಗೆ ಒಲಿಯುವುದೇ ಹೊರತು ನೀರಿಗಲ್ಲ. ಅಂದರೆ ಹಿಂಡಿ ಬದಿಗಿಟ್ಟ ಸಿಪ್ಪೆಯಲ್ಲಿ ಅದು ಬಹುಪಾಲು ಹಾಗೆಯೇ ಕುಳಿತಿದೆ! ದ್ವಿತೀಯ ನಿಷ್ಕರ್ಷಣೆಗೆ ಸೂಕ್ತ ಜಿಡ್ಡು ಯಾವುದೆಂದು ಆಳವಾದ ಅಧ್ಯಯನದಲ್ಲಿ ತೊಡಗಿದ್ದಾಗ ಒಳಗಿನಿಂದ ಸಾಸಿವೆ ಸಿಡಿದ ಸದ್ದು ಕೇಳಿತು. ಅಕ್ಕ ಅದೇ ಸಿಪ್ಪೆಯನ್ನು ಕುದಿಸಿ, ಕೊಬ್ಬರಿ ಎಣ್ಣೆಯ ಒಗ್ಗರಣೆ ಕೊಟ್ಟು ಸಾರು ಮಾಡಿದ್ದಳು. ಮಾದರಿಯನ್ನು ವಿಶ್ಲೇಷಣೆಗೆಂದು ಬೇರ್ಪಡಿಸಲು ಬಾಟಲಿ ಹುಡುಕಿ ತರುವಷ್ಟರಲ್ಲಿ ಭಾವನವರು ಎರಡನೇ ಸಲ ಅನ್ನಕ್ಕೆ ಕಲಸಿಕೊಳ್ಳುತ್ತಿದ್ದರು.